ಅಡುಗೆಮನೆಯಿಂದ ಕೇಳಿ ಪಾಸಾದ ಸಿನಿಮಾಗಳು, ಒಂದಷ್ಟು ಕ್ಯಾಸೆಟ್‌ಗಳು

ನಿಮಗೆ ತುಂಬ ಇಷ್ಟವಾದ ಸಿನಿಮಾ ಯಾವುದು, ಹಾಡಿನ ಆಲ್ಬಂ ಯಾವುದು, ಯಾಕೆ ಅಂತ ಕೇಳಿದ್ದೀರಿ. ಬರೀ ಹೆಸರು ಕೇಳಿದ್ದರೆ ನಾಲ್ಕು ಸಾಲಲ್ಲಿ ಮುಗಿಸಬಹುದಿತ್ತು. ಯಾಕೆ ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗುತ್ತದೆ.

ನಾನು ಶಿರಸಿ ಕಡೆಯವಳು, ಈಗ ಕೆಲಸದ ಮೇಲೆ ಕಾರವಾರದಲ್ಲಿದ್ದೇನೆ. ನಮ್ಮೂರಿನಿಂದ ಸಿನಿಮಾ ನೋಡಬೇಕಂದರೆ ಪೇಟೆಗೇ ಹೋಗಬೇಕಿತ್ತು. ಊರಿಗೆ ಬರುವ ಕೊನೆಯ ಬಸ್ಸು ಸಂಜೆಗೇ ಹೊರಟುಬಿಡುತ್ತಿತ್ತು. ಹಾಗಾಗಿ ನಾವು ಸಿನಿಮಾ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ರೇಡಿಯೋ, ಟೇಪ್ ರೆಕಾರ್ಡರ್, ಜೊತೆಗೆ ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ತಾಳಮದ್ದಳೆ ಅಂದರೆ ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಉಟ್ಟು ಕೂತಲ್ಲೇ ಮಾತಾಡುತ್ತಾರೆ. ಅಷ್ಟರಲ್ಲೇ ಕುರುಕ್ಷೇತ್ರ ನಡೆದುಹೋಗುತ್ತದೆ. ಹೀಗೆ ಬೆಳೆದವರಿಗೆ ಕಣ್ಣಿಗಿಂತ ಕಿವಿ ಚುರುಕು. ಈಗಲೂ ಸಿನಿಮಾಕ್ಕೆ ನನ್ನದು ಒಂದೇ ಪರೀಕ್ಷೆ. ಟಿವಿ ಹಾಕಿಟ್ಟು ಅಡುಗೆಮನೆಗೆ ಹೋಗುತ್ತೇನೆ. ದೋಸೆ ಎರೆಯುತ್ತಾ ಕೇಳಿದರೂ ಅದು ನನ್ನನ್ನು ಹೊರಗೆ ಎಳೆದು ತಂದರೆ ಪಾಸು.

ಈ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕು 'ಘಟಶ್ರಾದ್ಧ'ಕ್ಕೆ. 1977ರದ್ದು, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ, ಗುರುಗಳ ವಿಧವೆ ಮಗಳು ಯಮುನಾ, ಅವಳು ಬದುಕಿರುವಾಗಲೇ ಅವಳಿಗೆ ಮಾಡುವ ಶ್ರಾದ್ಧ. ಇಂಥ ಕಥೆ ಸಿಕ್ಕರೆ ಬೇರೆಯವರು ಪಿಟೀಲು ಕುಯ್ಯಿಸಿ ಅಳಿಸುತ್ತಿದ್ದರು. ಕಾರಂತರು ಹಾಗೆ ಮಾಡಲಿಲ್ಲ. ಬಾಯಿಪಾಠ ಮಾಡುವ ಮಕ್ಕಳ ಸ್ವರ ಕೇಳಿದರೇ ಸಾಕು, ಆ ಮನೆಯಲ್ಲಿ ಒಂದು ಹೆಂಗಸು ಎಷ್ಟು ಒಂಟಿ ಅಂತ ಗೊತ್ತಾಗುತ್ತದೆ. ಟಿವಿಯಲ್ಲಿ ಬಂದಾಗ ನಮ್ಮ ಅಮ್ಮಮ್ಮ ಅರ್ಧಕ್ಕೇ ಎದ್ದು ಹೋದಳು. "ನೋಡಿದ್ದೇ ಸಾಕಾಜು, ಮತ್ತೆಂತಕ್ಕೆ ಸಿನಿಮಾ" ಅಂದಳು. ಅವಳ ವಾರಗೆಯಲ್ಲಿ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವರಿದ್ದರು. ನಾನು ಓದಿದ ಯಾವ ವಿಮರ್ಶೆಯೂ ಆ ಮಾತಿನಷ್ಟು ಸರಿಯಾಗಿ ಆ ಸಿನಿಮಾವನ್ನು ಹಿಡಿದಿಲ್ಲ. ಇದನ್ನು ಈಗ ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರತಿ ಸಿಕ್ಕರೆ ಬಿಡಬೇಡಿ.

ಎರಡನೆಯದು ಶಂಕರನಾಗ್ ಅವರ 'ಆಕ್ಸಿಡೆಂಟ್', 1985. ಅವರು ನಮ್ಮ ಹೊನ್ನಾವರದ ಕಡೆಯವರು ಅನ್ನುವ ಹೆಮ್ಮೆ ಇದ್ದೇ ಇದೆ, ಬಿಡಿ. ಇಲ್ಲಿ ಯಾವ ಆಟೋ ಸ್ಟ್ಯಾಂಡಿಗೆ ಹೋದರೂ ಅವರ ಫೋಟೋ ಇರುತ್ತದೆ. ಆದರೆ ಈ ಸಿನಿಮಾ ಇಷ್ಟವಾಗಿದ್ದು ಊರಿನ ಅಭಿಮಾನಕ್ಕಲ್ಲ. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಯುತ್ತದೆ. ಓಡಿಸಿದವನು ರಾಜಕಾರಣಿಯ ಮಗ. ಅಪ್ಪನ ಪಾತ್ರದಲ್ಲಿ ಅನಂತನಾಗ್. ಮಗನನ್ನು ಉಳಿಸಲು ಅವರು ಸ್ವರ ಏರಿಸುವುದೇ ಇಲ್ಲ, ಮೆತ್ತಗೆ ಮಾತಾಡಿಯೇ ಹೆದರಿಸುತ್ತಾರೆ. ಅಡುಗೆಮನೆಯಿಂದ ಕೇಳಿದರೆ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಂಗೀತ ಇಳಯರಾಜಾ ಅವರದ್ದು. ಎಲ್ಲಿ ಬಾರಿಸಬಾರದು ಅಂತ ಗೊತ್ತಿರುವವರ ಸಂಗೀತ.

ಅದೇ ಇಳಯರಾಜಾ 'ನಮ್ಮೂರ ಮಂದಾರ ಹೂವೆ'ಯಲ್ಲಿ ಕೈ ಬಿಚ್ಚಿ ಹಾಡು ಕೊಟ್ಟಿದ್ದಾರೆ. ಸುನಿಲ್ ಕುಮಾರ್ ದೇಸಾಯಿಯವರ ಸಿನಿಮಾ, ಯಾಣದಲ್ಲಿ ಚಿತ್ರೀಕರಣ ಆಗಿದ್ದು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ನಮ್ಮಲ್ಲಿ ಗಾದೆ. ಕಾಡಿನಲ್ಲಿ ನಡೆದು ಹೋಗುವಷ್ಟು ಕಸುವಿದ್ದವರು ಮಾತ್ರ ಯಾಣ ನೋಡುತ್ತಿದ್ದ ಕಾಲ ಅದು. ಈ ಸಿನಿಮಾ ಬಂದಮೇಲೆ ಸೊಕ್ಕಿಲ್ಲದವರೂ ಕಾರಿನಲ್ಲಿ ಬರತೊಡಗಿದರು. ಕಥೆ ನನಗೆ ಅಷ್ಟಕ್ಕಷ್ಟೇ. ಹಾಡುಗಳಿಗಾಗಿ ಪಾಸು ಮಾಡಿದ್ದೇನೆ.

ಇನ್ನು ಕ್ಯಾಸೆಟ್. ಇಲ್ಲಿ ನನ್ನ ಉತ್ತರ ನಿಮಗೆ ವಿಚಿತ್ರ ಅನಿಸಬಹುದು. ನನ್ನ ಜೀವಮಾನದ ಆಲ್ಬಂ ಅಂದರೆ ಕಾಳಿಂಗ ನಾವುಡರ ಯಕ್ಷಗಾನದ ಕ್ಯಾಸೆಟ್ಟುಗಳು. ನಾವುಡರು ಗುಂಡ್ಮಿಯವರು, ಸಾಲಿಗ್ರಾಮ ಮೇಳದ ಭಾಗವತರು. 'ನಾಗಶ್ರೀ' ಪ್ರಸಂಗ ಬರೆದವರೂ ಅವರೇ. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಆಗ ಅವರಿಗೆ ಮೂವತ್ತರ ಆಸುಪಾಸು. ಅವರನ್ನು ರಂಗದ ಮೇಲೆ ನೋಡಿದ ನೆನಪು ನನಗಿಲ್ಲ. ನನಗೆ ಅವರು ಕ್ಯಾಸೆಟ್ಟಿನಲ್ಲೇ ಸಿಕ್ಕಿದ್ದು.

ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಜಗುಲಿಯ ಮೇಲೆ ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ನಡುವೆ ಟೇಪ್ ರೆಕಾರ್ಡರ್. ಎಲ್ಲರ ಕೈಯೂ ಅಡಿಕೆ ಚೊಗರು. ಒಂದು ಬದಿ ಮುಗಿದರೆ ಕ್ಯಾಸೆಟ್ ಮಗುಚಿ ಹಾಕಲು ಯಾರೂ ಏಳುತ್ತಿರಲಿಲ್ಲ. ಮುಟ್ಟಿದರೆ ಕಲೆ, ಆಮೇಲೆ ಅಪ್ಪಯ್ಯನ ಬೈಗುಳ. ಮಕ್ಕಳು ಯಾರಾದರೂ ಎಚ್ಚರ ಇದ್ದರೆ ಎರಡನೇ ಬದಿ, ಇಲ್ಲದಿದ್ದರೆ ಊರ ಸುದ್ದಿ. ಹಾಗಾಗಿ ಎಷ್ಟೋ ಪ್ರಸಂಗಗಳ ಅರ್ಧ ಕಥೆ ಮಾತ್ರ ನನಗೆ ಬಾಯಿಗೆ ಬರುತ್ತದೆ. ಕರೆಂಟು ಹೋದರೆ ಸೆಲ್ಲಿನ ಮೇಲೆ ಓಡಬೇಕು. ಸೆಲ್ಲು ವೀಕಾದಾಗ ಆ ಏರುಸ್ವರ ಮೆಲ್ಲಗೆ ಇಳಿಯುತ್ತಾ ಬರುತ್ತಿತ್ತು. "ನಾವುಡರಿಗೆ ಶೀತ ಆಯ್ತು" ಅಂತ ಯಾರಾದರೂ ಹೇಳುವುದು, ಎಲ್ಲರೂ ನಗುವುದು. ಬೆಳಗ್ಗೆ ಆ ಸೆಲ್ಲುಗಳು ಅಡಿಕೆಯ ಜೊತೆಗೇ ಅಂಗಳದ ಬಿಸಿಲಿಗೆ. ಆದರೆ ಸೆಲ್ಲು ಹೊಸದಿದ್ದು, ಚಂಡೆ ಜೋರಾಗಿ, ಅವರ ಸ್ವರ ಅದರ ಮೇಲೆ ಹತ್ತಿ ನಿಂತಾಗ ಸುಲಿಯುವ ಕೈಗಳೂ ನಿಲ್ಲುತ್ತಿದ್ದವು. ಕೂಲಿಯೇ ಸುಲಿದ ಲೆಕ್ಕದ ಮೇಲೆ ಇದ್ದರೂ!

ಭೀಮಸೇನ ಜೋಶಿಯವರ ದಾಸವಾಣಿ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನನ್ನದರಲ್ಲೂ ಇದೆ, ಹೊಸದಾಗಿ ಹೇಳುವುದೇನಿಲ್ಲ. 'ನಿತ್ಯೋತ್ಸವ'ವೂ ಹಾಗೇ. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, 1978ರದ್ದು. ಶಾಲೆಯಲ್ಲಿ ಎಷ್ಟು ಸಲ ಹಾಡಿಸಿದರೂ ಅದು ಹಳಸಲಿಲ್ಲ. ಅದೇನು ಸಣ್ಣ ಮಾತಲ್ಲ.

'ಮುಂಗಾರು ಮಳೆ' ಬಗ್ಗೆ ಎರಡು ಮಾತು. 2006ರಲ್ಲಿ ಬಂತು. ಕಥೆ ಕೊಡಗಿನದ್ದು, ಜಲಪಾತ ನಮ್ಮ ಸಿದ್ದಾಪುರದ ಪಕ್ಕದ ಜೋಗದ್ದು, ಇರಲಿ. ಆಲ್ಬಂ ಮಾತ್ರ ಪಕ್ಕಾ. ಮನೋಮೂರ್ತಿ ಸಂಗೀತ, ಅದರಲ್ಲಿ 'ಅನಿಸುತಿದೆ' ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ. ಕಥೆಗಾರರು ಸಿನಿಮಾ ಹಾಡು ಬರೆದರೆ ಹೀಗೆ ಬರುತ್ತದೆ: ಪ್ರೀತಿ ಅನ್ನುವ ಮಾತನ್ನು ಕಿರುಚದೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಆಮೇಲೆ ಎಲ್ಲರೂ ಅದೇ ಧಾಟಿ ಹಿಡಿದು ಬೇಜಾರು ಬರಿಸಿದರು. ಅದು ಕಾಯ್ಕಿಣಿಯವರ ತಪ್ಪಲ್ಲ ಅಲ್ವಾ?

ಕಾರವಾರಕ್ಕೆ ಬಂದಮೇಲೆ ಕಿವಿಗೆ ಬೇರೆ ರುಚಿಯೂ ಹತ್ತಿದೆ. ಪಕ್ಕದ ಮನೆಯವರ ಮದುವೆಯಲ್ಲಿ ಗೋವಾದ ಗಾಯಕಿ ಲೋರ್ನಾ ಅವರ ಕೊಂಕಣಿ ಹಾಡು ಹಾಕಿದ್ದರು. ಕ್ರಿಸ್ ಪೆರಿ ಕಟ್ಟಿದ ಸಂಗೀತ, ಬ್ರಾಸ್ ವಾದ್ಯ, ಆ ಹೆಂಗಸಿನ ಗಟ್ಟಿ ಗಂಟಲು. ಮಾತು ಅರ್ಧ ಅರ್ಥವಾಗುವುದಿಲ್ಲ, ಆದರೂ ಪಾಸು. ಅಂಕೋಲಾದ ಕಡೆ ಹಾಲಕ್ಕಿ ಸಮುದಾಯದವರ ಗುಮಟೆ ಕೇಳಿದ್ದೀರಾ? ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ಬಡಿಗೇರಿಯ ಸುಕ್ರಜ್ಜಿ, ಅಂದರೆ ಪದ್ಮಶ್ರೀ ಸುಕ್ರಿ ಬೊಮ್ಮಗೌಡ, ಅಕ್ಷರ ಕಲಿತವರಲ್ಲ, ಸಾವಿರಾರು ಹಾಡು ನೆನಪಿನಲ್ಲೇ ಇಟ್ಟುಕೊಂಡವರು. 2025ರಲ್ಲಿ ತೀರಿಕೊಂಡರು. ಆ ಹಾಡುಗಳನ್ನು ಆಲ್ಬಂ ಅನ್ನುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಪಟ್ಟಿಯಿಂದ ಬಿಡಲಂತೂ ಮನಸ್ಸಿಲ್ಲ.

ನೀವು ಎಲ್ಲಿಂದ ಶುರು ಮಾಡಬೇಕು ಅಂದರೆ, ಸಿನಿಮಾದಲ್ಲಿ 'ಆಕ್ಸಿಡೆಂಟ್' ಸುಲಭ, ಯಾವ ಊರಿನವರಿಗೂ ಹತ್ತುತ್ತದೆ. ನಾವುಡರ ಪದ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಹೆಚ್ಚಿನವು ಹಳೇ ಕ್ಯಾಸೆಟ್ಟಿನಿಂದ ಇಳಿಸಿದ್ದು, ಗುಂಯ್ ಅನ್ನುತ್ತವೆ. ಹೆಡ್‌ಫೋನ್ ಹಾಕಬೇಡಿ, ತಲೆನೋವು ಬರುತ್ತದೆ. ಒಂದು ಸ್ಪೀಕರಿಗೆ ಹಾಕಿ, ನೀವು ಪಕ್ಕದ ಕೋಣೆಯಲ್ಲಿರಿ.