ಬಿದ್ದ ಮುತ್ಯಾನ ಬಗ್ಗೆ ಎರಡು ವಾರದ ಹಿಂದಿನ ಮಾತು ಯಾಕ?

ಸಿಂದಗಿಯ ಅಣ್ಣಾರ, 86 ವರ್ಷದ ನಿಮ್ಮ ಮುತ್ಯಾ ಬಚ್ಚಲದಾಗ ಜಾರಿ ಬಿದ್ದಾಗ 108ರ ಹುಡುಗ "ಎರಡು ವಾರದ ಹಿಂದ ಹೆಂಗ ಅಡ್ಡಾಡ್ತಿದ್ರು?" ಅಂತ ಕೇಳಿ ಹೊತ್ತು ಹಾಳ ಮಾಡಿದ ಅಂತ ಬರದೀರಿ. ಹಾಳ ಮಾಡಿಲ್ರಿ. ವಿಜಯಪುರ ಕಡೆ ಆಂಬುಲೆನ್ಸಿನಾಗ ನಾನೂ ದುಡದೀನಿ, ಅದು ಕೇಳಲೇಬೇಕಾದ ಪ್ರಶ್ನೆ.

ವಯಸ್ಸಾದವರು ಎಷ್ಟು ಗಟ್ಟಿ, ಎಷ್ಟು ನಿತ್ರಾಣ ಅಂತ ನೋಡಾಕ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದವರು ಮಾಡಿದ 1ರಿಂದ 9ರ ಒಂದು ಅಳತೆ ಐತಿ. 1 ಅಂದ್ರ ಗಟ್ಟಿಮುಟ್ಟು, 8 ಅಂದ್ರ ಎಲ್ಲಾದಕ್ಕೂ ಇನ್ನೊಬ್ಬರ ಕೈ ಬೇಕು, ಸಣ್ಣ ಜಡ್ಡೂ ತಡಿಯೂದಿಲ್ಲ. ಅಂಕ ಕೊಡೂದು ಇವತ್ತಿನ ನರಳಾಟ ನೋಡಿ ಅಲ್ಲ, ಎರಡು ವಾರದ ಹಿಂದಿನ ಸ್ಥಿತಿ ಕೇಳಿ. ಮೊನ್ನೆ ತನಕ ಹೊಲಕ್ಕ ಹೋಗಿ ಬರ್ತಿದ್ದಾಂವ ಇವತ್ತ ಎದ್ದು ಕುಂದ್ರಾಕ ಒದ್ದಾಡಿದ್ರ, ಇಲ್ಲಾ ಒಮ್ಮೆಲೇ ಗೊಂದಲಾಗಿ ಏನೇನೋ ಮಾತಾಡಿದ್ರ, "ವಯಸ್ಸಾತು ಬಿಡ್ರಿ" ಅನ್ನೂದಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ ಹುಡುಕಬೇಕು. ಜ್ವರ ಇರಲೇಬೇಕಂತ ಇಲ್ಲ.

ಇನ್ನ "ಬಿಪಿ 105 ಇತ್ತು, ನಾರ್ಮಲ್ ಅಲ್ಲೇನು?" ಅಂದ್ರಿ. ಹರೇದವರಿಗೆ ಹೌದು. 65 ದಾಟಿದ ಗಾಯಾಳುವಿಗೆ ಮ್ಯಾಲಿನ ಬಿಪಿ 110ರ ಕೆಳಗ ಇದ್ರ ಹುಷಾರಾಗ್ರಿ ಅನ್ನೂದು ಅಮೆರಿಕದ ಮಾರ್ಗಸೂಚಿ. ಅದರಾಗ ಮೆಟೊಪ್ರೊಲಾಲ್ (ನಾಡಿ ನಿಧಾನ ಮಾಡೂ ಬಿಪಿ ಗುಳಿಗಿ) ನುಂಗಾವ್ರಿಗೆ ಒಳಗ ರಕ್ತ ಸೋರಿದ್ರೂ ನಾಡಿ ಅಷ್ಟು ಏರೂದಿಲ್ಲ, ನಮ್ಮನ್ನೂ ಮೋಸ ಮಾಡ್ತೈತಿ. ರಕ್ತ ತೆಳು ಮಾಡೂ ಗುಳಿಗಿ ಇದ್ದು ತಲಿಗೆ ಪೆಟ್ಟು ಬಿದ್ರ, ನಕ್ಕೋತ ಮಾತಾಡಿದ್ರೂ ದವಾಖಾನಿಗೆ ಒಯ್ರಿ.

ಗುಳಿಗಿ ಚೀಲ, ಚಷ್ಮಾ, ಕಿವಿ ಮಷೀನ್ ಜೊತಿಗೇ ಕಳಸ್ರಿ. ನೆಲದ ಮ್ಯಾಲೆ ಎಷ್ಟೊತ್ತು ಬಿದ್ದಿದ್ರು ಅನ್ನೂದೂ ಹೇಳ್ರಿ, ಬಾಳೊತ್ತಾಗಿದ್ರ ಕಿಡ್ನಿ ತಪಾಸಣಿ ಬೇಕಾಗ್ತೈತಿ.