ಪ್ರವಾಸಕ್ಕೆ ಹೋದಾಗ ಕಥೆಗೆ ವಿಷಯ ಹುಡುಕುವುದು ಹೇಗೆ?

ಅಲ್ಲಿ ದಿನವೂ ಬದುಕುವ, ದುಡಿಯುವ ಜನರನ್ನು ನೋಡಿ. ಕಂಡದ್ದನ್ನು ಅವತ್ತೇ ಬರೆದಿಡಿ.

ಅವತ್ತೇ ಯಾಕೆ? ಪರಿಚಿತವಾದದ್ದನ್ನು ನಮ್ಮ ಮಿದುಳು ಗಮನಿಸುವುದನ್ನೇ ಬಿಡುತ್ತದೆ. ನಿಮ್ಮ ಬೀದಿಯ ಅಂಗಡಿಯ ಬೋರ್ಡು ಯಾವ ಬಣ್ಣದ್ದು ಅಂತ ಕೇಳಿದರೆ ತಟ್ಟನೆ ಹೇಳುವುದು ಕಷ್ಟ, ಅಲ್ವಾ? ಹೊಸ ಊರಲ್ಲಿ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಆದರೆ ಎರಡು ಮೂರು ದಿನಕ್ಕೆ ಆ ಊರೂ ರೂಢಿಯಾಗುತ್ತದೆ. ಹಾಗಾಗಿ ಮೊದಲ ದಿನದ ಟಿಪ್ಪಣಿಗೇ ಬೆಲೆ ಜಾಸ್ತಿ.

ಹಂಪಿಯನ್ನೇ ತೆಗೆದುಕೊಳ್ಳಿ. ವಿರೂಪಾಕ್ಷ ದೇವಸ್ಥಾನದ ಒಳಗೆ ಒಂದು ಕತ್ತಲೆಯ ಜಾಗದಲ್ಲಿ, ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬರುವ ಬೆಳಕಿನ ಕೆಲಸ ಅದು. ಎಲ್ಲರೂ ಫೋಟೊ ತೆಗೆದು ಹೊರಡುತ್ತಾರೆ. ನೀವು ಅದನ್ನು ದಿನಾ ತೋರಿಸುವ ಗೈಡ್ ಬಗ್ಗೆ ಯೋಚಿಸಿ. ಮೋಡ ಕವಿದು ನೆರಳೇ ಬೀಳದ ದಿನ, ದೂರದಿಂದ ಬಂದವರಿಗೆ ಆತ ಏನು ಹೇಳುತ್ತಾನೆ? ಅವನ ಮಗಳಿಗೂ ಅದೇ ಕೆಲಸ ಬೇಕಾ? ಇಂಥ ಪ್ರಶ್ನೆಗಳಲ್ಲೇ ಕಥೆ ಇರುತ್ತದೆ.

ಹೊಸಪೇಟೆಯಿಂದ ಹಂಪಿಗೆ ಕಾರಿನ ಬದಲು ಬಸ್ಸಿನಲ್ಲಿ ಹೋಗಿ. ಅಲ್ಲಿ ಸುಮ್ನೆ ಕೂತರೂ ಮಾತು ಕಿವಿಗೆ ಬೀಳುತ್ತದೆ. ಆ ಮಾತನ್ನು ತಿದ್ದದೆ, ಬಳ್ಳಾರಿ ಸೀಮೆಯ ಧಾಟಿಯಲ್ಲೇ ಬರೆದುಕೊಳ್ಳಿ. ಫೋಟೊದಲ್ಲಿ ಧಾಟಿ ಉಳಿಯುವುದಿಲ್ಲ, ಸೆಕೆಯೂ ಉಳಿಯುವುದಿಲ್ಲ.

ಪೂರ್ತಿ ಕಥೆಯನ್ನು ಅಲ್ಲೇ ಬರೆಯಲು ಹೋಗಬೇಡಿ, ರಜೆ ಹಾಳಾಗುತ್ತದೆ. ಮಲಗುವ ಮುಂಚೆ ಐದಾರು ಸಾಲು, ಜೊತೆಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದರೆ ಸಾಕು. ಮನೆಗೆ ಬಂದ ಮೇಲೆ ಆ ಪ್ರಶ್ನೆಯಿಂದಲೇ ಶುರು ಮಾಡಿ.