ಪೋರ್ಶೆ 911 ನಿಧಾನಕ್ಕೆ ಓಡಿಸಿದ್ರೆ ಐಎಂಎಸ್ ಬೇರಿಂಗ್ ಉಳಿಯುತ್ತಾ?

ನಿಮ್ಮ ಪ್ರಶ್ನೆ ಓದ್ದೆ. 2003ರ 911, ಅಂದ್ರೆ 996, ಮ್ಯಾನುಯಲ್ ಗೇರು, ಇಷ್ಟು ವರ್ಷಕ್ಕೆ ಬರೀ 38,000 ಮೈಲಿ ಓಡಿರೋ ಗಾಡಿ, ಬೇರಿಂಗ್ ಹೋಗ್ಬಿಡುತ್ತೆ ಅನ್ನೋ ಭಯಕ್ಕೆ 2000 ಆರ್‌ಪಿಎಂ ದಾಟಿಸದೆ ತಿಂಗಳಿಗೆ ಎರಡು ಸಲ ಮಾತ್ರ ಓಡಿಸ್ತಿದ್ದೀನಿ, ಸರಿಯಾ ಅಂತ ಕೇಳಿದ್ದೀರ. ಸರಿ ಅಲ್ಲ. ದಯವಿಟ್ಟು ಇವತ್ತೇ ನಿಲ್ಲಿಸಿ. ನಾನು ನ್ಯೂಜೆರ್ಸಿಯಲ್ಲಿ ಪೋರ್ಶೆಯದ್ದೇ 2002ರ ಬಾಕ್ಸ್‌ಸ್ಟರ್ ಎಸ್ ಹನ್ನೊಂದು ವರ್ಷದಿಂದ ಓಡಿಸ್ತಿದ್ದೀನಿ, ಅದೂ ಇದೇ ಎಂ96 ಎಂಜಿನ್ನೇ, ಆಯಿಲ್ ಯಾವತ್ತೂ ನಾನೇ ಬದಲಾಯಿಸೋದು, ಹಂಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಕ್ರ್ಯಾಂಕ್‌ನಿಂದ (ಪಿಸ್ಟನ್ನುಗಳು ತಿರುಗಿಸೋ ಮುಖ್ಯ ಶಾಫ್ಟ್) ಚೈನ್ ಮೂಲಕ ತಿರುಗಿ, ಅಲ್ಲಿಂದ ಎರಡೂ ಕಡೆ ವಾಲ್ವು ತೆರೆಯೋ ಕ್ಯಾಮ್‌ಗಳನ್ನ ತಿರುಗಿಸೋ ಒಂದು ಮಧ್ಯದ ಶಾಫ್ಟ್ ಇದೆ, ಅದೇ ಐಎಂಎಸ್, ಅಂದ್ರೆ ಇಂಟರ್‌ಮೀಡಿಯೆಟ್ ಶಾಫ್ಟ್. ಅದರ ಫ್ಲೈವೀಲ್ ಕಡೆ ತುದೀಲಿ ಕೂತಿರೋದು ಒಂದು ಸೀಲ್ ಮಾಡಿದ ಬಾಲ್ ಬೇರಿಂಗು. ಮೊದಮೊದಲ ಗಾಡಿಗಳಲ್ಲಿ ಎರಡು ಸಾಲು ಗುಂಡು, ಸುಮಾರು 2000ದಿಂದ 2005ರವರೆಗೆ ಒಂದೇ ಸಾಲು, ಆಮೇಲೆ 2008ರ ತನಕ ದೊಡ್ಡ ಸೈಜಿಂದು, 2009ರ ಹೊಸ ಎಂಜಿನ್ನಲ್ಲಿ ಆ ಶಾಫ್ಟೇ ತೆಗೆದುಹಾಕಿದ್ರು. ಅದೇ ಕಾಲದ 911 ಟರ್ಬೊ, ಜಿಟಿ3 ಮಾಡೆಲ್ಲುಗಳ ಎಂಜಿನ್ನೇ ಬೇರೆ, ಅವಕ್ಕೆ ಈ ಕಾಟ ಇಲ್ಲ. ನಿಮ್ಮದು ಒಂದು ಸಾಲಿನ ಕಾಲದ್ದು. ಅಮೆರಿಕದಲ್ಲಿ ಇದರ ಬಗ್ಗೆ ನಡೆದ ಕೇಸು 2013ರಲ್ಲಿ ರಾಜಿಯಾಯ್ತು, ಅದ್ರಲ್ಲಿ ಹೊರಬಂದ ಲೆಕ್ಕದಂತೆ ಕೆಟ್ಟುಹೋಗೋದು ಒಂದು ಸಾಲಿನದ್ರಲ್ಲಿ ಸುಮಾರು 8%, ಎರಡು ಸಾಲಿನದ್ರಲ್ಲಿ 1%ಗಿಂತ ಕಮ್ಮಿ. ಅಂದ್ರೆ ಹೆಚ್ಚಿನ ಗಾಡಿಗೆ ಏನೂ ಆಗಲ್ಲ, ಆದ್ರೆ ಆದವರಿಗೆ ಚೈನ್ ಟೈಮಿಂಗ್ ತಪ್ಪಿ, ವಾಲ್ವು ಪಿಸ್ಟನ್ನಿಗೆ ಬಡಿದು ಇಡೀ ಎಂಜಿನ್ನೇ ಹೋಗುತ್ತೆ.

ಸೀಲ್ ಇರೋ ಬೇರಿಂಗು ಯಾಕೆ ಹಾಳಾಗುತ್ತೆ ಅಂತ ನಂಗೂ ಅರ್ಥ ಆಗಿರ್ಲಿಲ್ಲ, ನನ್ನ ಗಾಡಿಯ ಕ್ಲಚ್ ಬದಲಾಯಿಸುವಾಗ ಮೆಕ್ಯಾನಿಕ್ಕು ಹಳೇ ಬೇರಿಂಗ್ ಹೊರಗೆ ತೆಗೆದು ಕೈಗೆ ಕೊಟ್ಟಾಗ್ಲೇ ಅರ್ಥ ಆಗಿದ್ದು. ಸೀಲಿನ ರಬ್ಬರು ಒಣಗಿ ಗಟ್ಟಿಯಾಗಿತ್ತು, ಉಗುರಲ್ಲಿ ಎಬ್ಬಿಸಿದ್ರೆ ಒಳಗೆ ಗ್ರೀಸು ಅನ್ನೋದು ಹೆಸರಿಗೂ ಇಲ್ಲ, ಅದ್ರ ಜಾಗದಲ್ಲಿ ಕಪ್ಪು ತೆಳ್ಳನೆ ಆಯಿಲ್, ಮೂಗಿಗೆ ಹಿಡಿದ್ರೆ ಹುಳಿಹುಳಿ ವಾಸನೆ. ಬೆರಳಿಗೆ ಹಾಕಿ ತಿರುಗಿಸಿದಾಗ ಇನ್ನೂ ನುಣ್ಣಗೇ ತಿರುಗ್ತಿತ್ತು, ನನ್ನ ಪುಣ್ಯ. ವರ್ಷಗಟ್ಟಲೆ ಬಿಸಿಗೆ ಸೀಲು ಸೋತು ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತೆ, ಗ್ರೀಸನ್ನ ತೊಳೆದುಬಿಡುತ್ತೆ, ಆಮೇಲೆ ಆ ಗುಂಡುಗಳಿಗೆ ಗತಿ ಅಂದ್ರೆ ಅಲ್ಲಿ ಸಿಕ್ಕಿಹಾಕಿಕೊಂಡಿರೋ ಆ ಹಳೇ ಆಯಿಲ್ಲೇ. ಗಾಡಿ ನಿಂತಷ್ಟೂ ಆ ಆಯಿಲ್ಲಲ್ಲಿ ನೀರು, ಆಮ್ಲ ಕೂತ್ಕೊಂಡು ಉಕ್ಕನ್ನ ತಿನ್ನುತ್ತೆ. ಅದಕ್ಕೇ ಕಮ್ಮಿ ಓಡಿದ, ಗ್ಯಾರೇಜಲ್ಲಿ ಬಟ್ಟೆ ಹೊದಿಸಿ ಮುದ್ದು ಮಾಡಿದ ಗಾಡಿಗಳಲ್ಲೇ ಈ ತೊಂದರೆ ಜಾಸ್ತಿ ಅಂತ ಈ ಎಂಜಿನ್ ಬಿಚ್ಚೋ ಮೆಕ್ಯಾನಿಕ್ಕುಗಳು ಹೇಳೋದು.

ಇನ್ನು 2000 ಆರ್‌ಪಿಎಂ ದಾಟಿಸದೆ ಓಡಿಸೋ ವಿಷಯ. ಬೇರಿಂಗಿನ ಗುಂಡು ವೇಗವಾಗಿ ಉರುಳಿದಾಗ ಮಾತ್ರ ಅದ್ರ ಕೆಳಗೆ ಆಯಿಲ್ ಪದರ ಸರಿಯಾಗಿ ನಿಲ್ಲೋದು, ನಿಧಾನಕ್ಕೆ ತಿರುಗಿ ಮೇಲೆ ಭಾರ ಬಿದ್ರೆ ಲೋಹಕ್ಕೆ ಲೋಹ ತಾಗುತ್ತೆ. ಐದನೇ ಗೇರಲ್ಲಿ 1500ರಲ್ಲಿ ಹೋಗ್ತಾ ಏರಿ ಬಂದಾಗ ಗೇರ್ ಇಳಿಸದೆ ಆಕ್ಸಿಲರೇಟರ್ ತುಳೀತೀವಲ್ಲ, ಎಂಜಿನ್ ತಿಣುಕುತ್ತೆ, ಇಡೀ ಗಾಡಿ ಗುರ್ರ್ ಅಂತ ನಡುಗುತ್ತೆ, ಅದು ಐಎಂಎಸ್‌ಗೂ ಕೆಟ್ಟದ್ದು ಕ್ರ್ಯಾಂಕ್ ಬೇರಿಂಗುಗಳಿಗೂ ಕೆಟ್ಟದ್ದು. ನಾನು ಊರೊಳಗೆ 2500ರಿಂದ 3500ರ ಮಧ್ಯೆ ಇಟ್ಕೊಳ್ತೀನಿ, ಜೋರಾಗಿ ಎಳೀಬೇಕು ಅಂದ್ರೆ ಮೊದ್ಲು ಗೇರ್ ಇಳಿಸ್ತೀನಿ, ಪ್ರತಿ ಸಲ ಹೊರಗೆ ಹೋದಾಗ ಒಂದೆರಡು ಸಲವಾದ್ರೂ ಹೈವೇ ಹತ್ತುವಾಗ 6500 ತನಕ ಬಿಡ್ತೀನಿ, ಆದ್ರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ. ಕೂಲಂಟ್ ಸೂಜಿ ನಡುವೆ ಬಂತು ಅಂದ ತಕ್ಷಣ ಆಯಿಲ್ ಬಿಸಿಯಾಯ್ತು ಅಂತಲ್ಲ, ಅದಾದ ಮೇಲೂ ಇನ್ನೈದಾರು ಮೈಲಿ ಬೇಕು. ನಿಮ್ಮ 996ರಲ್ಲಿ ಆಯಿಲ್ ಪ್ರೆಶರ್ ಮೀಟರ್ ಇದೆ, ತಣ್ಣಗಿದ್ದಾಗ ಮೇಲಿರೋ ಸೂಜಿ ಬಿಸಿಯಾಗ್ತಾ ಕೆಳಗೆ ಬರುತ್ತೆ, ಅದನ್ನ ನೋಡ್ಕೊಳ್ಳಿ.

ಗ್ಯಾರೇಜಲ್ಲೇ ನಿಲ್ಸಿ ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಸಾಕಲ್ವಾ ಅಂತಾನೂ ಕೇಳಿದ್ದೀರ. ನಮ್ಮೂರಲ್ಲಿ ಮಳೆಗಾಲ ಪೂರ್ತಿ ಪಂಪ್‌ಸೆಟ್ಟಿಗೆ ಹಂಗೇ ಮಾಡ್ತಿದ್ರು, ಮೋಟ್ರು ಜಾಮ್ ಆಗ್ದಿರ್ಲಿ ಅಂತ. ಕರೆಂಟ್ ಮೋಟ್ರಿಗೆ ಅದು ಸರಿ. ಪೆಟ್ರೋಲ್ ಎಂಜಿನ್ನಿಗೆ ಐದು ನಿಮಿಷ ಓಡಿದ್ರೆ ಆಯಿಲ್ಲಿಗೆ ನೀರು, ಪೆಟ್ರೋಲು ಸೇರುತ್ತೆ, ಅವು ಆವಿಯಾಗಿ ಹೋಗೋವಷ್ಟು ಬಿಸಿ ಆಗೋ ಮೊದ್ಲೇ ಆಫ್ ಮಾಡಿರ್ತೀರ. ಅದಕ್ಕಿಂತ ಸುಮ್ನೆ ಬಿಡೋದೇ ವಾಸಿ. ವಾರಕ್ಕೊಂದ್ಸಲ ಅರ್ಧ ಮುಕ್ಕಾಲು ಗಂಟೆ ರಸ್ತೆ ಮೇಲೆ ಓಡಿಸಿ.

ಬಿಎಂಡಬ್ಲ್ಯು ಎಂ3ಗೆ ಹೇಳಿದ ಮಾತನ್ನ ಇದಕ್ಕೆ ಹಾಕ್ಬೇಡಿ, ಜನ ಎರಡನ್ನೂ ಕಲಸ್ತಾರೆ. ಅಲ್ಲಿ ಹೋಗೋದು ಪಿಸ್ಟನ್ನನ್ನ ಕ್ರ್ಯಾಂಕ್‌ಗೆ ಜೋಡಿಸೋ ಕನೆಕ್ಟಿಂಗ್ ರಾಡ್ ಬೇರಿಂಗು, ಗುಂಡೇ ಇಲ್ಲ, ಬರೀ ಆಯಿಲ್ ಪದರದ ಮೇಲೆ ತೇಲೋದು. ಅಲ್ಲಿ ತಣ್ಣಗಿನ ದಪ್ಪ 10ಡಬ್ಲ್ಯು-60 ಆಯಿಲ್ಲಲ್ಲಿ ರೇಸ್ ಕೊಡೋದೇ ದೊಡ್ಡ ತಪ್ಪು, ಅದಕ್ಕೇ ಇ46 ಎಂ3ಯ ಟ್ಯಾಕೋಮೀಟರಲ್ಲಿ ಬಿಸಿಯಾಗ್ತಾ ಆಗ್ತಾ ಒಂದೊಂದೇ ಆರೋ ದೀಪಗಳನ್ನ ಇಟ್ಟಿರೋದು.

ಆಯಿಲ್ ನಾನು 5,000 ಮೈಲಿ ಅಥವಾ ಆರು ತಿಂಗಳು, ಯಾವುದು ಮೊದ್ಲೋ ಅದಕ್ಕೆ ಬದಲಾಯಿಸ್ತೀನಿ. ಎಂಟು ಲೀಟರಿಗೂ ಮೇಲೆ ಹಿಡಿಯುತ್ತೆ, ಖರ್ಚು ಜಾಸ್ತಿನೇ, ಆದ್ರೂ ಇದ್ರಲ್ಲಿ ಉಳಿಸಕ್ಕೆ ಹೋಗ್ಬೇಡಿ.

ಇಷ್ಟೆಲ್ಲಾ ಮಾಡಿದ್ರೂ ಗ್ಯಾರಂಟಿ ಇಲ್ಲ, ಅದನ್ನ ಮುಚ್ಚಿಡಲ್ಲ. ಓಡಿಸೋ ರೀತಿಯಿಂದ ಅಪಾಯ ಕಮ್ಮಿ ಆಗುತ್ತೆ, ಹಳೇ ಸೀಲು ಹೊಸದಾಗಲ್ಲ. ಕ್ಲಚ್ಚಿಗೆ ಗೇರ್‌ಬಾಕ್ಸ್ ಇಳಿಸಿದಾಗ ಬೇರಿಂಗೂ ಬದಲಾಯಿಸಿಬಿಡಿ, ಬಿಚ್ಚೋ ಕೂಲಿ ಒಂದೇ ಸಲಕ್ಕೆ ಮುಗಿಯುತ್ತೆ. ಹಿಂದಿನ ಓನರ್ ಕೊಟ್ಟ ಬಿಲ್ಲುಗಳಲ್ಲಿ ಆ ಕೆಲಸ ಆಗಿದೆಯಾ ಅಂತ ಮೊದ್ಲು ಹುಡುಕಿ.

ಅದಕ್ಕೂ ಮುಂಚೆ ಈ ಶನಿವಾರ ಫಿಲ್ಟರ್ ಬಿಚ್ಚಿ. ಪೇಪರ್ ಫಿಲ್ಟರು, ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ಬಿಳೀ ಬಟ್ಟೆ ಮೇಲೆ ಹರಡಿ, ಬಿಸಿಲಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಚೂರು ಒಂದೆರಡು ಇದ್ರೆ ಚೈನ್ ಗೈಡಿಂದು, ಗಾಬರಿ ಬೇಡ. ಮಿನುಗೋ ಚೂರಿದ್ರೆ ಅಯಸ್ಕಾಂತ ಹಿಡೀರಿ, ಅಂಟಿಕೊಂಡ್ರೆ ಅದು ಉಕ್ಕು. ಹಂಗಾದ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಟೋ ಮಾಡಿಸ್ಕೊಂಡೇ ಗ್ಯಾರೇಜಿಗೆ ಹೋಗಿ. ಏನೂ ಸಿಗ್ಲಿಲ್ಲ ಅಂದ್ರೆ ಹೊಸ ಆಯಿಲ್ ಹಾಕಿ, ಬಿಸಿ ಮಾಡ್ಕೊಂಡು, ಮೂರನೇ ಗೇರಲ್ಲಿ ಒಂದ್ಸಲ ಮನಸಾರೆ ಓಡಿಸಿ.